ಗೃಹಿಣಿಯ ಪುಟ: ನಿಲ್ಲದ ಜ್ವಾಲೆ
ಅಮೆರಿಕದಲ್ಲಿ ವಾಸದ ಮೋಟಾರು ಬಂಡಿಯಲ್ಲಿ ಸಕುಟುಂಬವಾಗಿ ಸಂಚರಿಸುವ ಸೋದರಿಯರು ಈ ಮಾತನ್ನು ಗಮನಿಸಬೇಕು. ಅಂತಹ ಅನೇಕ ಬಂಡಿಗಳ ರೆಫ್ರಿಜರೇಟರು ಪ್ರೊಪೇನ್ ಅನಿಲದ ಪುಟ್ಟ ಜ್ವಾಲೆಯ ಶಾಖದಿಂದ ತಂಪನ್ನೀಯುವುದು. ಗುಂಡಿಯನ್ನೊತ್ತಿ ಹೊತ್ತಿಸುವ ಮಾದರಿಗಳಲ್ಲಿ ಕೈಬಿಟ್ಟೊಡನೆ ಜ್ವಾಲೆಯು ಆರಿದರೆ ಗಾಬರಿಪಡಬೇಕಾಗಿಲ್ಲ. ಜ್ವಾಲೆಯಲ್ಲಿ ಬಿಸಿಯಾದ ಥರ್ಮೋಕಪಲ್ ಎಂಬ ಲೋಹದ ಕಡ್ಡಿಯು ಅಲ್ಪ ವಿದ್ಯುತ್ತನ್ನು ಹುಟ್ಟಿಸಿ ಅನಿಲದ ಕವಾಟವನ್ನು ತೆರೆದಿಡುವುದು. ಅದು ಬಿಸಿಯಾಗದಿದ್ದರೆ ಕವಾಟವು ತಾನೇ ಮುಚ್ಚಿಕೊಳ್ಳುವುದು. ಆದುದರಿಂದ ಸಿಲಿಂಡರನ್ನು ಮುಚ್ಚಿ, ಎಲ್ಲವೂ ತಣಿದ ಮೇಲೆ, ಕಡ್ಡಿಯ ಮಸಿಯನ್ನೂ ಹೊಗೆಗೊಳವೆಯಿಂದ ಬರ್ನರಿನ ಮೇಲೆ ಉದುರಿದ ತುಕ್ಕನ್ನೂ ಮೃದುವಾಗಿ ತೆಗೆಯಿರಿ. ಕಡ್ಡಿಯ ತುದಿಯು ಜ್ವಾಲೆಗೆ ತಗಲುವಂತಿದೆಯೇ ನೋಡಿರಿ. ಮತ್ತೂ ಆರಿದರೆ ಬಲ್ಲವರಿಂದ ಹೊಸ ಕಡ್ಡಿಯನ್ನು ಹಾಕಿಸಿರಿ. ಕವಾಟವನ್ನು ಮಾತ್ರ ಬಲವಂತದಿಂದ ತೆರೆದಿಡಕೂಡದು. ಹಾಲು ಕೆಟ್ಟರೆ ನಾಳೆ ಬೇರೆ ಹಾಲುಂಟು. ಮುಚ್ಚಿದ ಬಂಡಿಯಲ್ಲಿ ಅನಿಲ ತುಂಬಿದರೆ ಮಲಗಿದ ಮಕ್ಕಳ ಪ್ರಾಣಕ್ಕೇ ಅಪಾಯ.