ಹಿಮದ ಪ್ರವಾಸ: ಎಲ್ಲರೂ ಒಟ್ಟಿಗೇ ಜಾರಬೇಕಾ?

ಡಿಸೆಂಬರ್ ಬಂತೆಂದರೆ ನಮ್ಮ ಮಂಗಳೂರಿನಲ್ಲಿ ಫ್ಯಾನಿನ ವೇಗ ಒಂದು ಪಾಯಿಂಟ್ ಕಡಿಮೆಯಾಗುತ್ತದೆ. ನಮ್ಮ ಚಳಿಗಾಲ ಎಂದರೆ ಅಷ್ಟೇ. ಹಾಗಿರುವಾಗ ಮಕ್ಕಳು ಮೊಬೈಲಿನಲ್ಲಿ ಹಿಮದ ಮೇಲೆ ಜಾರುವ ವಿಡಿಯೊ ತೋರಿಸಿ "ಅಮ್ಮಾ, ಈ ಸಲ ಮನಾಲಿ" ಎಂದು ಹಟ ಹಿಡಿದರೆ ಯಾರಿಗೆ ತಾನೇ ಆಸೆಯಾಗದು? ನಿಮ್ಮ ಮನೆಯಲ್ಲೂ ಈ ಮಾತು ಶುರುವಾಗಿರಬಹುದು. ಯಜಮಾನರು "ಹೋಗುವ, ನೀನೊಂದು ಪ್ಲಾನ್ ಮಾಡು" ಎಂದು ಪೇಪರ್ ಮಡಚಿಟ್ಟು ಆಫೀಸಿಗೆ ಹೊರಟೂ ಆಗಿರಬಹುದು. ಕೊನೆಗೆ ಪ್ಲಾನ್ ಮಾಡುವವರು ಯಾರು ಹೇಳಿ? ನಾವೇ!

ನಾವೂ ಒಂದು ಸಲ ಹೋಗಿ ಬಂದೆವು. ಅತ್ತೆ, ಮಾವ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗ, ಏಳನೇ ಕ್ಲಾಸಿನ ಮಗಳು, ಹೀಗೆ ಒಟ್ಟು ಆರು ಜನ. ಮೊದಲ ದಿನ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಮನಾಲಿಯಿಂದ ಹದಿಮೂರು–ಹದಿನಾಲ್ಕು ಕಿಲೋಮೀಟರ್ ದೂರದ ಸೋಲಾಂಗ್ ಕಣಿವೆಗೆ ಆರೂ ಜನರನ್ನು ಬೆಳಿಗ್ಗೆಯೇ ಹೊರಡಿಸಿದೆ. ದಾರಿಯಲ್ಲಿ ಆರು ಜನರಿಗೂ ಬಾಡಿಗೆಯ ದಪ್ಪ ಉಡುಪು, ಗಮ್ ಬೂಟು. "ಇಷ್ಟು ಖರ್ಚು ಮಾಡಿ ಬಂದದ್ದು, ಎಲ್ಲರೂ ಒಟ್ಟಿಗೇ ಇರಬೇಕು" ಎಂಬುದು ನನ್ನ ಆಸೆ.

ಆದದ್ದೇನು? ಮಗನಿಗೆ ಸ್ಕೀಯಿಂಗ್ ಸರಿಯಾಗಿ ಕಲಿಯಬೇಕಿತ್ತು, ಅರ್ಧ ಗಂಟೆಗೇ "ಸಾಕು ಬಾ, ಅಜ್ಜಿಗೆ ಚಳಿಯಾಗ್ತದೆ" ಎಂದು ಕರೆದೆವು. ಮಗಳು ಎರಡು ಸಲ ಬಿದ್ದಳು, ಹೆದರಿದಳು. ಅವಳ ಅಪ್ಪ "ಅಣ್ಣ ಹೇಗೆ ಹೋಗ್ತಾನೆ ನೋಡು, ನೀನೊಬ್ಬಳು ಹೆದರುಪುಕ್ಕಲಿ" ಎಂದರು. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಮಂಡಿನೋವಿನ ಅತ್ತೆ ಚಹಾ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂತಿದ್ದರು. ನಾನು ಎಲ್ಲರ ಜಾಕೆಟ್ಟು, ಮೊಬೈಲು, ನೀರಿನ ಬಾಟಲಿ ಹಿಡಿದುಕೊಂಡು ಗೂಟದ ಹಾಗೆ ನಿಂತಿದ್ದೆ. ರಾತ್ರಿ ರೂಮಿನಲ್ಲಿ ಅತ್ತೆ ಮೆಲ್ಲಗೆ ಹೇಳಿದರು: "ನಿಮ್ಮ ಖುಷಿಗೆ ನಾನೊಂದು ಅಡ್ಡಿ. ನನ್ನನ್ನು ಊರಲ್ಲೇ ಬಿಟ್ಟು ಬರಬೇಕಿತ್ತು."

ಆ ಮಾತು ಇವತ್ತಿಗೂ ಚುಚ್ಚುತ್ತದೆ. ತಪ್ಪು ಅವರ ಮಂಡಿಯದ್ದಲ್ಲ, ನನ್ನ ಪ್ಲಾನಿನದ್ದು.

ನನ್ನ ಅಭಿಪ್ರಾಯ ಇಷ್ಟು: ಕುಟುಂಬದ ಪ್ರವಾಸ ಎಂದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಲ್ಲರೂ ಒಂದೇ ಕೆಲಸ ಮಾಡಬೇಕೆಂದಿಲ್ಲ. ಒಂದೇ ಊರು, ಒಂದೇ ಹೋಟೆಲು, ರಾತ್ರಿಯ ಊಟ ಒಟ್ಟಿಗೆ. ಹಗಲು ಎರಡು ಗುಂಪು, ಬೇಕಾದರೆ ಮೂರು. ಮರುದಿನ ನಾವು ಹಾಗೇ ಮಾಡಿದೆವು, ಮನೆಯವರ ಮುಖವೇ ಬದಲಾಯಿತು. ಆದ್ದರಿಂದ ಊರು ಆರಿಸುವಾಗ "ಅಲ್ಲಿ ಹಿಮ ಉಂಟಾ?" ಎಂದು ಮಾತ್ರ ಕೇಳಬೇಡಿ. "ಹಿಮದ ಮೇಲೆ ಹೋಗದವರಿಗೆ ಅಲ್ಲಿ ಇಡೀ ದಿನ ಎಂತ ಉಂಟು?" ಎಂದು ಮೊದಲು ಕೇಳಿ.

ಈ ಲೆಕ್ಕದಲ್ಲಿ ನೋಡಿದರೆ ಮೊದಲ ಸಲ ಹೋಗುವ ನಮ್ಮಂಥವರಿಗೆ ಮನಾಲಿಯೇ ಒಳ್ಳೆಯದು. ಮಕ್ಕಳು ಸೋಲಾಂಗಿನಲ್ಲಿ ಇರುವಾಗ ಅತ್ತೆ–ಮಾವ ದೇವದಾರು ಮರಗಳ ನಡುವಿನ ಹಿಡಿಂಬಾ ದೇವಸ್ಥಾನಕ್ಕೆ ಹೋಗಬಹುದು. 1553ರಲ್ಲಿ ಕಟ್ಟಿದ ಮರದ ಗುಡಿ ಅದು. ಹಿಡಿಂಬೆಯನ್ನು ಯಕ್ಷಗಾನದ ಹೆಣ್ಣುಬಣ್ಣದಲ್ಲಿ ಮಾತ್ರ ನೋಡಿದ್ದ ನಮ್ಮ ಅತ್ತೆಗೆ, ಅವಳನ್ನು ದೇವಿಯೆಂದು ಪೂಜಿಸುವುದನ್ನು ಕಂಡು ಆದ ಆಶ್ಚರ್ಯ ಅಷ್ಟಿಷ್ಟಲ್ಲ. ಊರಿಗೆ ಬಂದ ಮೇಲೂ ನೆಂಟರಿಗೆಲ್ಲ ಅದನ್ನೇ ಹೇಳಿದ್ದು! ಹತ್ತಿರದ ವಶಿಷ್ಠದಲ್ಲಿ ಬಿಸಿನೀರಿನ ಬುಗ್ಗೆ ಉಂಟು. ಮಾವನಂಥ ಓದುವವರಿಗೆ ನಗ್ಗರ್‌ನಲ್ಲಿ ರಷ್ಯಾದ ಚಿತ್ರಕಾರ ನಿಕೋಲಸ್ ರೋರಿಕ್ ಅವರ ಮನೆಯೂ ಚಿತ್ರಶಾಲೆಯೂ ಉಂಟು. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾ ರಾಣಿ ದಂಪತಿ ಬೆಂಗಳೂರಿನ ಹತ್ತಿರದ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ಈ ಒಂದು ನಂಟು ಸಾಕು, ಮಾವ ಅರ್ಧ ದಿನ ಅಲ್ಲಿಂದ ಕದಲಲಿಲ್ಲ.

ಹಿರಿಯರು ಹಿಮವನ್ನು ನೋಡುವುದೇ ಬೇಡವೇ ಎಂದು ಕೇಳಬೇಡಿ. ಖಂಡಿತ ನೋಡಬೇಕು. ಸೋಲಾಂಗಿನಲ್ಲಿ ರೋಪ್‌ವೇ ಉಂಟು, ನಡೆಯದೆಯೇ ಮೇಲೆ ಹೋಗಿ ನೋಡಿ ಇಳಿಯಬಹುದು. ಆದರೆ ಅವರಿಗೆ ಒಂದೂವರೆ ಗಂಟೆ ಸಾಕು, ಆಮೇಲೆ ವಾಪಸು ಬರಲು ಬೇರೆ ಕಾರು ಇರಬೇಕು. ಈ ಎರಡನೇ ಕಾರಿನ ಖರ್ಚಿಗೆ ಮನೆಯ ಗಂಡಸರು ಮುಖ ಸಿಂಡರಿಸುತ್ತಾರೆ. ಅದೇ ಖರ್ಚು ಇಡೀ ಪ್ರವಾಸವನ್ನು ಉಳಿಸುತ್ತದೆ ಎಂದು ಹೇಳಿ ನೋಡಿ.

ಕಾಶ್ಮೀರದ ಗುಲ್ಮಾರ್ಗ ನಿಜವಾಗಿ ಸ್ಕೀಯಿಂಗ್ ಊರು. ಗೊಂಡೋಲಾ ಎರಡು ಹಂತದಲ್ಲಿ ಮೇಲೇರುತ್ತದೆ. ಕೆಳಗೆ ಹೊಸಬರಿಗೆ ಹದವಾದ ಇಳಿಜಾರು ಉಂಟು. ಎರಡನೇ ಹಂತ ಅಫರ್ವಾತ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,980 ಮೀಟರ್ ಎತ್ತರ. ಅಲ್ಲಿಂದ ಜಾರುವುದು ಪಳಗಿದವರಿಗೆ ಮಾತ್ರ, ಅದೂ ಗೈಡ್ ಜೊತೆ. 2024ರ ಫೆಬ್ರವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್ ಒಬ್ಬರು ಜೀವ ಕಳೆದುಕೊಂಡರು. ಮಗ "ನಾನು ಮೇಲಿಂದಲೇ ಬರ್ತೇನೆ" ಎಂದು ಹಾರಾಡಿದರೆ ಇದನ್ನು ನೆನಪಿಸಿ. ಇನ್ನು, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಮನೆಯಲ್ಲಿ ಯಾರಾದರೂ ಕಾಶ್ಮೀರ ಬೇಡ ಎಂದರೆ ಅವರನ್ನು ತಮಾಷೆ ಮಾಡಬೇಡಿ. ಹೆದರಿಕೊಂಡು ಬಂದವರಿಗೆ ಯಾವ ಹಿಮವೂ ಚೆಂದ ಕಾಣದು.

ಈಗ ದೊಡ್ಡ ತಲೆನೋವು, ರಜೆ. ನಮ್ಮ ಶಾಲೆಗಳ ದಸರಾ ರಜೆಯಲ್ಲಿ ಸೋಲಾಂಗಿನಲ್ಲಿ ಸ್ಕೀ ಮಾಡುವಷ್ಟು ಹಿಮ ಇರುವುದಿಲ್ಲ. ಬೇಸಿಗೆ ರಜೆ ಸಿಗುವ ಹೊತ್ತಿಗೆ ಅದು ಹಸಿರು ಹುಲ್ಲುಗಾವಲು. ಆಗ ಹಿಮ ಬೇಕಾದರೆ 3,978 ಮೀಟರ್ ಎತ್ತರದ ರೋಹ್ತಾಂಗ್‌ಗೆ ಹೋಗಬೇಕು, ಅದಕ್ಕೆ ವಾಹನಕ್ಕೆ ಪರ್ಮಿಟ್ ಬೇಕು, ಅಜ್ಜ–ಅಜ್ಜಿಗೆ ಅಷ್ಟು ಎತ್ತರ ಆಗಿಬರುವುದೂ ಕಷ್ಟ. ಸ್ಕೀಯಿಂಗಿಗೆ ಸರಿಯಾದ ಕಾಲ ಜನವರಿ–ಫೆಬ್ರವರಿ. ನಮ್ಮಲ್ಲಿ ಆಗ ಪರೀಕ್ಷೆಯ ಬಿಸಿ! ಉಳಿಯುವುದು ಕ್ರಿಸ್‌ಮಸ್ ರಜೆ. ಆಗ ಹಿಮ ಬಿದ್ದರೂ ಬಿದ್ದೀತು, ಇಲ್ಲದಿದ್ದರೂ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗವೇ ವಾರಗಟ್ಟಲೆ ಹಿಮವಿಲ್ಲದೆ ಒಣಗಿ ಕೂತಿತ್ತು. ಹಾಗಾಗಿ ಮಕ್ಕಳಿಗೆ "ಸ್ಕೀ ಮಾಡಲಿಕ್ಕೆ ಹೋಗುವುದು" ಎಂದು ಮಾತು ಕೊಡಬೇಡಿ, "ಗುಡ್ಡದ ಊರಿಗೆ ಹೋಗುವುದು, ಹಿಮ ಇದ್ದರೆ ಸ್ಕೀ" ಎನ್ನಿ. ಸೋಲಾಂಗಿನಲ್ಲಿ ಹಿಮ ಇಲ್ಲದಿದ್ದರೆ 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ ದಾಟಿ ಸಿಸ್ಸು ಕಡೆ ಹೋದರೆ ಸಿಗುವ ಸಾಧ್ಯತೆ ಹೆಚ್ಚು. ಒಂಬತ್ತು ಕಿಲೋಮೀಟರ್ ಉದ್ದದ ಸುರಂಗ ಅದು, ಚಿಕ್ಕ ಮಕ್ಕಳಿಗೆ ಅದೇ ಒಂದು ಸಂಭ್ರಮ. ಆದರೆ ಜೋರು ಹಿಮ ಬಿದ್ದಾಗ ಆ ದಾರಿ ಮುಚ್ಚುತ್ತಾರೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಮನೆಯಲ್ಲಿದ್ದರೆ ಆ ವರ್ಷ ಬಿಟ್ಟುಬಿಡಿ. ಪುಸ್ತಕ ಹೊತ್ತುಕೊಂಡು ಮನಾಲಿಗೆ ಹೋದ ಮಕ್ಕಳು ಓದುವುದೂ ಇಲ್ಲ, ಆಡುವುದೂ ಇಲ್ಲ.

ಸ್ಕೀಯಿಂಗಿನ ಬಗ್ಗೆ ಒಂದು ಮಾತು. ಸೋಲಾಂಗಿನಲ್ಲಿ ಬಾಡಿಗೆಗೆ ಸ್ಕೀ ಕೊಡುವವರು ನಿಮ್ಮ ಕೈ ಹಿಡಿದು ಹತ್ತು ಮಾರು ಎಳೆದು ಫೋಟೊ ತೆಗೆದು ಕಳಿಸುತ್ತಾರೆ. ಅದು ಮೋಜು, ಕಲಿಕೆಯಲ್ಲ. ಬೀಳುವುದು ಹೇಗೆ, ಏಳುವುದು ಹೇಗೆ, ಸ್ಕೀಗಳ ಮೂತಿಯನ್ನು ಒಳಕ್ಕೆ ಕೂಡಿಸಿ ನಿಲ್ಲಿಸುವುದು ಹೇಗೆ, ಇಷ್ಟು ಕಲಿಯಲಿಕ್ಕೇ ಮೂರು–ನಾಲ್ಕು ದಿನ ಬೇಕು. ಆಸೆ ಇರುವವರಿಗೆ ಮಾತ್ರ ಒಬ್ಬ ತರಬೇತುದಾರರನ್ನು ಅರ್ಧ ದಿನದ ಲೆಕ್ಕದಲ್ಲಿ ಗೊತ್ತು ಮಾಡಿ, ದರ ಮೊದಲೇ ಮಾತಾಡಿ. ಇನ್ನೂ ಹುಚ್ಚು ಹಿಡಿದ ಮಗನೋ ಮಗಳೋ ಇದ್ದರೆ ಅವರಿಗೆ ಬೇಕಾದದ್ದು ಪ್ರವಾಸವೇ ಅಲ್ಲ, ಕೋರ್ಸು. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗದಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಸಂಸ್ಥೆ ಇಂಥ ತರಬೇತಿ ಕೊಡುತ್ತವೆ. ಇಪ್ಪತ್ತು ವರ್ಷದ ಹುಡುಗನಿಗಾಗಿ ಎಪ್ಪತ್ತು ವರ್ಷದ ಅಜ್ಜಿಯನ್ನು ಹಿಮದಲ್ಲಿ ಕೂರಿಸುವುದಕ್ಕಿಂತ ಅವನನ್ನು ಅಲ್ಲಿಗೆ ಕಳಿಸಿ. "ನಮ್ಮ ಊರಿನವರಿಗೆ ಇದೆಲ್ಲ ಆಗುವುದಿಲ್ಲ" ಎನ್ನಬೇಡಿ. ಪಕ್ಕದ ಕೊಡಗಿನ ತೆಕ್ಕಡ ಭವಾನಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಪದಕ ಗೆದ್ದವರು. ಹೆಣ್ಣುಮಗಳು, ನೆನಪಿರಲಿ!

ಹೆದರುವ ಮಗುವನ್ನು ಮಾತ್ರ ಒತ್ತಾಯಿಸಬೇಡಿ, ಅಣ್ಣನ ಜೊತೆ ಹೋಲಿಸಲೂ ಬೇಡಿ. ನಮ್ಮ ಮಗಳು ಮರುದಿನ ಸ್ಕೀ ಮುಟ್ಟಲಿಲ್ಲ, ಹಿಮದ ಗೊಂಬೆ ಮಾಡಿ ಅದಕ್ಕೆ ಅಜ್ಜನ ಮಫ್ಲರ್ ಸುತ್ತಿದಳು. ಮೂರನೇ ದಿನ ಅವಳೇ ಬಂದು "ಒಂದು ಸಲ ನೋಡ್ತೇನೆ" ಎಂದಳು.

ಹಿರಿಯರನ್ನು ಕರೆದೊಯ್ಯುವವರು ಡಾಕ್ಟರನ್ನು ಕೇಳಿಯೇ ಹೊರಡಿ. ನಾವು ಸಮುದ್ರದ ಮಟ್ಟದವರು. ಮನಾಲಿಯೇ ಎರಡು ಸಾವಿರ ಮೀಟರ್ ದಾಟುತ್ತದೆ, ತಲುಪಿದ ದಿನ ಸುಮ್ಮನೆ ವಿಶ್ರಾಂತಿ ಇರಲಿ. ಹೃದಯದ ತೊಂದರೆ, ಬಿಪಿ, ಉಬ್ಬಸ ಇರುವವರಿಗೆ ಗುಲ್ಮಾರ್ಗದ ಎರಡನೇ ಹಂತ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದು ಹೆಪ್ಪುಗಟ್ಟದ ಹಾಗೆ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸಬಾರದು. ಉಳಿದವರು ಒಂದು ತಿಂಗಳು ಮೊದಲೇ ಬೆಳಿಗ್ಗೆ ಕದ್ರಿ ಗುಡ್ಡದ ಮೆಟ್ಟಿಲು ಹತ್ತಿ ಇಳಿಯಲಿ. ಯಾರ ಮಂಡಿ ಎಷ್ಟು ಗಟ್ಟಿ ಎಂದು ಇಲ್ಲೇ ಗೊತ್ತಾಗುತ್ತದೆ, ದುಡ್ಡೂ ಉಳಿಯುತ್ತದೆ.

ದಾರಿಯೂ ಸಣ್ಣದಲ್ಲ. ಮಂಗಳೂರು ಜಂಕ್ಷನ್ನಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದರೆ ನಿಜಾಮುದ್ದೀನ್‌ಗೆ ಎರಡು ರಾತ್ರಿ, ಅಲ್ಲಿಂದ ಮನಾಲಿಗೆ ಬಸ್ಸಿನಲ್ಲಿ ಇನ್ನೊಂದು ರಾತ್ರಿ. ಮಕ್ಕಳಿಗೆ ಇದು ಮಜಾ, ಹಿರಿಯರಿಗೆ ಶಿಕ್ಷೆ. ದೆಹಲಿವರೆಗೆ ವಿಮಾನವಾದರೆ ಒಳ್ಳೆಯದು. ಹೇಗೆ ಹೋದರೂ ದೆಹಲಿಯಲ್ಲೋ ಚಂಡೀಗಡದಲ್ಲೋ ಒಂದು ರಾತ್ರಿ ನಿಲ್ಲಿ. ವಾಪಸು ಬರುವಾಗ ಒಂದು ದಿನ ಕೈಯಲ್ಲಿ ಇರಲಿ, ಹಿಮ ಬಿದ್ದು ರಸ್ತೆ ಮುಚ್ಚುವುದು ಅಲ್ಲಿ ಮಾಮೂಲು.

ಕೊನೆಯದಾಗಿ ನಿಮ್ಮ ಬಗ್ಗೆ. ಟಿಕೆಟ್ ಮಾಡುವ ಮೊದಲು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ "ನಿಮಗೆ ಅಲ್ಲಿ ಎಂತ ಮಾಡಬೇಕು, ಎಂತ ಮಾಡಬಾರದು" ಎಂದು ಕೇಳಿ ಬರೆದಿಡಿ. ಎಲ್ಲರೆದುರು ಕೇಳಿದರೆ ಅತ್ತೆ "ನನಗೆ ಯಾವುದಾದರೂ ಆದೀತು" ಎನ್ನುತ್ತಾರೆ, ಅದು ನಿಜವಲ್ಲ. ಆ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ನಾನು ಆರು ಜನರ ಪ್ರವಾಸಕ್ಕೆ ಐದು ಜನರ ಆಸೆ ಮಾತ್ರ ಬರೆದಿದ್ದೆ! ಮೂರನೇ ದಿನ ಮಗಳು ಸ್ಕೀ ಕಟ್ಟಿಕೊಂಡಾಗ ತರಬೇತುದಾರ ನನ್ನನ್ನೂ ನೋಡಿ "ಆಪ್ ಭೀ?" ಎಂದ. ಬೇಡ ಎನ್ನಲು ಬಾಯಿ ತೆರೆದವಳು ಜಾಕೆಟ್ಟುಗಳನ್ನೆಲ್ಲ ಯಜಮಾನರ ಕೈಗೆ ಕೊಟ್ಟೆ. ನಲವತ್ತೈದರ ಹೆಂಗಸು ಎಷ್ಟು ಸಲ ಬಿದ್ದೆ ಎಂದು ಲೆಕ್ಕ ಇಡಲಿಲ್ಲ. ಮಗಳು ಮಾತ್ರ ಹೊಟ್ಟೆ ಹಿಡಿದು ನಕ್ಕಳು, ಮೊದಲ ದಿನದ ನಂತರ ಅವಳು ಹಾಗೆ ನಕ್ಕದ್ದು ಆಗಲೇ.

ಹಾಂ, ಪ್ಯಾಕಿಂಗ್ ಮರೆತೆ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ದಪ್ಪ ಉಡುಪು ಅಲ್ಲಿ ಬಾಡಿಗೆಗೆ ಸಿಗುತ್ತದೆ, ಕಾಲುಚೀಲ ಮತ್ತು ಕೈಗವಸು ಮಾತ್ರ ಸ್ವಂತದ್ದೇ ಇರಲಿ, ಎರಡೆರಡು ಜೊತೆ. ಸೀರೆ ಬಿಡದ ಅತ್ತೆಯಂದಿರಿಗೆ ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಸಿ. ಅಲ್ಲಿ ನಮ್ಮ ಕುಚ್ಚಲಕ್ಕಿ ಅನ್ನ ಸಿಗದು, ಅವಲಕ್ಕಿ, ಚಟ್ನಿಪುಡಿ, ಒಂದಿಷ್ಟು ಉಪ್ಪಿನಕಾಯಿ ಹಿಡಿದುಕೊಳ್ಳಿ. ತೆಂಗಿನೆಣ್ಣೆಯನ್ನು ಕಿರಿದಾದ ಬಾಟಲಿಯಲ್ಲಿ ಒಯ್ಯಬೇಡಿ, ಅಲ್ಲಿ ಕಲ್ಲಾಗಿ ಕೂರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ತುಂಬಿಸಿ, ಒಂದು ಚಮಚವನ್ನೂ ಜೊತೆಗಿಡಿ.