ಓದಿದ ಮೇಲೆ, ಭಾಗ 6: ಖಾಲಿ ಗುಳ್ಳೆ

'ಎಷ್ಟ್ ಸಲ ಹೇಳ್ಬೇಕು, ಕಿವುಡಾ ನೀನು?' ಕ್ಲಾಸಲ್ಲಿ ದಿನಕ್ಕೆ ಹತ್ತು ಸಲ ಅಂತೀವಿ ಅಲ್ವಾ? ನಾನೂ ಅಂತಿದ್ದೆ. ಸೀಸೀ ಬೆಲ್ ಅವರ 'ಎಲ್ ಡೆಫೋ' ಓದಿದ ಮೇಲೆ ಬಾಯಿಗೆ ಬರ್ತಿಲ್ಲ.

2014ರಲ್ಲಿ ಬಂದ ಚಿತ್ರಕಥೆ ಪುಸ್ತಕ ಇದು. ಬರೆದಿದ್ದೂ ಚಿತ್ರ ಬಿಡಿಸಿದ್ದೂ ಅವರೇ, ಕಥೆಯೂ ಅವರದೇ ಬಾಲ್ಯದ್ದು. ನಾಲ್ಕು ವರ್ಷದವರಿದ್ದಾಗ ಮೆನಿಂಜೈಟಿಸ್ ಬಂದು ಕಿವಿ ಕೇಳಿಸೋದು ನಿಂತುಹೋಯ್ತು. 1970ರ ದಶಕದ ಅಮೆರಿಕ. ಶಾಲೆಗೆ ಹೋಗುವಾಗ ಎದೆ ಮೇಲೆ 'ಫೋನಿಕ್ ಇಯರ್' ಅನ್ನೋ ದಪ್ಪ ಯಂತ್ರ, ಟೀಚರ್ ಕೊರಳಲ್ಲಿ ಮೈಕ್. ಟೀಚರ್ ಮೈಕ್ ಸಮೇತ ಟಾಯ್ಲೆಟ್ಟಿಗೆ ಹೋದ್ರೂ ಹುಡುಗಿಗೆ ಎಲ್ಲಾ ಕೇಳುತ್ತೆ! ಹಾಗಾಗಿ ಅವಳು ಮನಸ್ಸಲ್ಲೇ ಸೂಪರ್‌ಹೀರೋ.

ಈ ಪುಸ್ತಕ ಅಂದ್ರೆ ಜನ ಸೂಪರ್‌ಪವರ್ ವಿಷಯಾನೇ ಹೇಳೋದು. ನನ್ನ ಪ್ರಕಾರ ಅದು ಪುಸ್ತಕದ ಸುಲಭದ ಭಾಗ. ನೀವು ಮಾತಿನ ಗುಳ್ಳೆಗಳನ್ನ ನೋಡಿ. ಕೇಳಿಸದಿದ್ದಾಗ ಗುಳ್ಳೆ ಪೂರ್ತಿ ಖಾಲಿ. ಬ್ಯಾಟರಿ ಮುಗೀತಾ ಬಂದ್ರೆ ಅಕ್ಷರ ಮಾಸ್ತಾ ಹೋಗುತ್ತೆ. ಯಂತ್ರ ಹಾಕಿದ ಮೇಲೂ ಎಷ್ಟೋ ಸಲ ಗುಳ್ಳೆಯಲ್ಲಿ ಅರ್ಥವೇ ಇಲ್ಲದ ಪದಗಳು. ಸದ್ದು ಜೋರಾಗಿದೆ, ಮಾತು ಸ್ಪಷ್ಟ ಆಗಿಲ್ಲ, ಅಷ್ಟೇ. ತಪ್ಪು ಎಂಟ್ರಿಯನ್ನ ಬೋಲ್ಡ್ ಮಾಡಿದ್ರೆ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುತ್ತಾ? (ಬಿಕಾಂ ಬುದ್ಧಿ, ಕ್ಷಮಿಸಿ.)

ಇನ್ನೊಂದು ವಿಷಯ. ಇಲ್ಲಿ ಅವಳಿಗೆ ನೋವು ಕೊಡೋರಲ್ಲಿ ಒಳ್ಳೆಯವರೂ ಇದ್ದಾರೆ. ಒಬ್ಬ ಗೆಳತಿ ಪಾಪ ಪ್ರೀತಿಯಿಂದಲೇ ಒಂದೊಂದು ಪದವನ್ನೂ ಎಳೆದು ಎಳೆದು, ಕಿರುಚಿ ಹೇಳ್ತಾಳೆ. ಇವಳು ತುಟಿ ನೋಡಿ ಮಾತು ಹಿಡಿಯೋಳು. ಹಾಗೆ ಎಳೆದ್ರೆ ಇನ್ನೂ ಕಷ್ಟ. ಗೆಳತಿಯರ ಜೊತೆ ರಾತ್ರಿ ಉಳಿದಾಗ ಯಾರೋ ಲೈಟ್ ಆಫ್ ಮಾಡ್ತಾರೆ. ಕತ್ತಲಲ್ಲಿ ತುಟಿ ಎಲ್ಲಿ ಕಾಣ್ಬೇಕು? ಎಲ್ಲರೂ ಹರಟ್ತಿದ್ದಾರೆ, ಇವಳೊಬ್ಬಳೇ ಹೊರಗೆ. ಆ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ.

ಪಾತ್ರಗಳೆಲ್ಲಾ ಮೊಲಗಳು ಅನ್ನೋದನ್ನ ಹೇಳೋದೇ ಮರೆತೆ. ಅಷ್ಟುದ್ದ ಕಿವಿ, ಅದೇ ಕೆಲಸ ಮಾಡಲ್ಲ!

ಸೈನ್ ಲ್ಯಾಂಗ್ವೇಜ್ ಬೇಡ ಅಂತ ಪುಟ್ಟ ಸೀಸೀ ಹಟ ಮಾಡ್ತಾಳೆ. ಅದನ್ನ ಓದಿ 'ಸೈನ್ ಬೇಕಾಗಿಲ್ಲ' ಅಂತ ತೀರ್ಮಾನ ಮಾಡ್ಬೇಡಿ. ಇದು ತನ್ನೊಬ್ಬಳ ಅನುಭವ, ಕಿವುಡುತನ ಎಲ್ಲರಿಗೂ ಒಂದೇ ಥರ ಅಲ್ಲ ಅಂತ ಲೇಖಕಿಯೇ ಕೊನೆಯಲ್ಲಿ ಬರೆದಿದ್ದಾರೆ. 2015ರಲ್ಲಿ ನ್ಯೂಬೆರಿ ಆನರ್ ಬಂದ ಪುಸ್ತಕ, ಮಕ್ಕಳದ್ದು ಅಂತ ಪಕ್ಕಕ್ಕಿಡ್ಬೇಡಿ.

ನಮ್ಮಜ್ಜಿಗೂ ಹಿಯರಿಂಗ್ ಏಡ್ ಇದೆ. ನಾನು ಎರಡು ವರ್ಷದಿಂದ ಅಡುಗೆಮನೆಯಿಂದಲೇ ಕೂಗ್ತಿದ್ದೆ. ಮೊನ್ನೆ ಟೀವಿ ಮ್ಯೂಟ್ ಮಾಡಿ, ಎದುರಿಗೆ ಕೂತು, ಮಾಮೂಲಿ ದನಿಯಲ್ಲಿ 'ಊಟ ಆಯ್ತಾ ಅಜ್ಜಿ?' ಅಂದೆ.

'ಆಯ್ತು ಮಗಾ. ಯಾಕೆ, ಇವತ್ತು ಬೈತಾ ಇಲ್ಲ?' ಅಂದ್ರು.