ಕಾಡು ಕಂಡಿತು, ಊರು ಕಾಣಲಿಲ್ಲ

ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಸುತ್ತಲಿನ ಕಾಡು ಕ್ಯಾಮೆರಾಗಳಿಗೆ ಬಲು ಅಚ್ಚುಮೆಚ್ಚು. ನ್ಯಾಷನಲ್ ಜಿಯಾಗ್ರಫಿಕ್‌ನವರ ‘ದಿ ರಿಯಲ್ ಬ್ಲ್ಯಾಕ್ ಪ್ಯಾಂಥರ್’ ಸಾಕ್ಷ್ಯಚಿತ್ರದಲ್ಲಿ ಇಲ್ಲಿನ ಕರಿಚಿರತೆಯೇ ನಾಯಕ, ಚಿತ್ರಗಳು ಸೊಗಸು, ಹಿನ್ನೆಲೆ ಸಂಗೀತದ ಅಬ್ಬರ ಮಾತ್ರ ಅತಿಯಾಯಿತು. ಕಾಡಿನದೇ ಸಿನಿಮಾ 1973ರ ‘ಗಂಧದ ಗುಡಿ’ಯ ಹೊಡೆದಾಟಗಳು ಈಗ ಹಳತೆನಿಸಿದರೂ ರಾಜ್‌ಕುಮಾರ್ ಅವರ ಅರಣ್ಯಾಧಿಕಾರಿಗೆ ಮುಪ್ಪಿಲ್ಲ. ಆದರೂ ನನ್ನ ಮತ 2022ರ ಸಾಕ್ಷ್ಯಚಿತ್ರ ‘ಗಂಧದ ಗುಡಿ’ಗೇ: ನಿರ್ದೇಶಕ ಅಮೋಘವರ್ಷರ ಜೊತೆ ನಡೆಯುವ ನಟ ಪುನೀತ್ ರಾಜ್‌ಕುಮಾರ್ ಅಲ್ಲಿ ಹೀರೋ ಅಲ್ಲ, ಬೆರಗಾದ ಅತಿಥಿ. ಕಾಡು ಬಿಟ್ಟು ಕಿರುತೆರೆಗೆ ಬಂದರೆ, ‘ಮಾಯಾಮೃಗ’ದಂತೆ ಮಾತನ್ನೇ ನಂಬಿದ ಧಾರಾವಾಹಿ ಈಗ ಅಪರೂಪ; ಅತ್ತೆ ಹುಬ್ಬೇರಿಸಿದರೆ ಮೂರು ಸಲ ಸಿಡಿಲು ಬಡಿಯುತ್ತದೆ. ಗಂಡಸರಿಗೆ ಸೀರೆ ಉಡಿಸಿ ನಗಿಸುವ ಟಿವಿ ಕಾಮಿಡಿಯೂ ನನಗೆ ಸಾಕಾಗಿದೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶರಿಗೆ ನಗಿಸಲು ಒಂದು ಮೈಕು ಸಾಕು. ಇಂಗ್ಲಿಷಿನ ಸ್ಟ್ಯಾಂಡಪ್ ಬರುವ ಮುಂಚೆಯೇ ನಮ್ಮ ಹಾಸ್ಯೋತ್ಸವಗಳಲ್ಲಿ ಒಬ್ಬರೇ ನಿಂತು ನಗಿಸುವ ಕಲೆ ಬೇರೂರಿತ್ತು. ಮತ್ತೆ ಕಾಡಿನ ಚಿತ್ರಗಳಿಗೆ ಬಂದರೆ, ನನ್ನ ದೊಡ್ಡ ದೂರು ಇದು: ಹೆಗ್ಗಡದೇವನಕೋಟೆ ಸೀಮೆಯ ಆನೆ, ಹುಲಿಗಳನ್ನು ಎಲ್ಲರೂ ತೋರಿಸಿದರು, ಕಬಿನಿ ಹಿನ್ನೀರಿಗೆ ಮನೆ ಬಿಟ್ಟವರ, ಕಾಡಿನಿಂದ ಹೊರಬಂದ ಆದಿವಾಸಿ ಜೇನುಕುರುಬರ ಕಥೆಯನ್ನು ದೊಡ್ಡ ಪರದೆಯಲ್ಲಿ ನಾನಿನ್ನೂ ನೋಡಿಲ್ಲ. ನಿರ್ದೇಶಕರೇ, ಮುಂದಿನ ಸಲ ಸಫಾರಿ ಜೀಪಿನಿಂದ ಇಳಿದು ಬನ್ನಿ.